ಕರೆಂಟ್ ಹೋಗಿ ಕಂಪ್ಯೂಟರ್ ಆಫ್ ಆದಮೇಲೆ ಬೂಟ್ ಆಗುತ್ತಿಲ್ಲವೇ? ಲಿನಕ್ಸ್ ಡಿಸ್ಕ್ ತಪಾಸಣೆ, ಹಂತ ಹಂತವಾಗಿ

ಮಳೆಗಾಲ ಶುರುವಾದರೆ ಓದುಗರಿಂದ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಕೆಲಸ ಮಾಡ್ತಾ ಇದ್ದಾಗ ಕರೆಂಟ್ ಹೋಯ್ತು. ಮತ್ತೆ ಆನ್ ಮಾಡಿದ್ರೆ ಕಪ್ಪು ಪರದೆ ಮೇಲೆ 'ಇನಿಟ್‌ರಾಮ್‌ಎಫ್‌ಎಸ್' ಅಂತ ತೋರಿಸಿ ನಿಂತುಬಿಟ್ಟಿದೆ. ಎಫ್‌ಎಸ್‌ಸಿಕೆ ನೀವೇ ಓಡಿಸಿ ಅಂತ ಹೇಳ್ತಿದೆ. ಕೇಳಿದ್ದಕ್ಕೆಲ್ಲ ವೈ ಒತ್ತಲಾ?"

ಇನಿಟ್‌ರಾಮ್‌ಎಫ್‌ಎಸ್ ಎಂದರೆ ಬೂಟ್ ಆಗುವಾಗ ಮೊದಲು ತೆರೆದುಕೊಳ್ಳುವ ಚಿಕ್ಕ ತಾತ್ಕಾಲಿಕ ವ್ಯವಸ್ಥೆ, ಎಫ್‌ಎಸ್‌ಸಿಕೆ ಎಂದರೆ ಡಿಸ್ಕ್ ತಪಾಸಣೆಯ ಪ್ರೋಗ್ರಾಂ, ವೈ ಎಂದರೆ "ಹೌದು, ಸರಿಮಾಡು". ಬಹಳಷ್ಟು ಸಲ ವೈ ಒತ್ತಿದರೆ ಸರಿಹೋಗುತ್ತದೆ. ಆದರೆ ಡಿಸ್ಕೇ ಕೆಡುತ್ತಾ ಬಂದಿದ್ದರೆ ಅದೇ ವೈ ಉಳಿದಿರುವ ಫೈಲುಗಳನ್ನೂ ಕಳೆದುಬಿಡುತ್ತದೆ. ನಿಮ್ಮದು ಇವೆರಡರಲ್ಲಿ ಯಾವುದು ಎಂದು ರಿಪೇರಿಗೆ ಮುಂಚೆಯೇ ತಿಳಿದುಕೊಳ್ಳಬಹುದು, ಅದಕ್ಕೆ ಅರ್ಧ ಗಂಟೆಯೂ ಬೇಡ. ಆ ಅರ್ಧ ಗಂಟೆಯನ್ನು ದಯವಿಟ್ಟು ಉಳಿಸಲು ಹೋಗಬೇಡಿ.

ಉಬುಂಟು, ಲಿನಕ್ಸ್ ಮಿಂಟ್, ಡೆಬಿಯನ್‌ಗಳಲ್ಲಿ ತಾನಾಗಿ ಬರುವ ಇಎಕ್ಸ್‌ಟಿ4 ಫೈಲ್‌ಸಿಸ್ಟಮ್ ಇಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ. ಫೈಲ್‌ಸಿಸ್ಟಮ್ ಎಂದರೆ ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ. ಎಕ್ಸ್‌ಎಫ್‌ಎಸ್, ಬಿಟಿಆರ್‌ಎಫ್‌ಎಸ್, ವಿಂಡೋಸಿನ ಎನ್‌ಟಿಎಫ್‌ಎಸ್ ಇರುವವರು ಕೊನೆಯ ಭಾಗ ನೋಡಿ. ಅವುಗಳ ದಾರಿಯೇ ಬೇರೆ.

ಕಮಾಂಡ್‌ಗಳನ್ನು ಉಚ್ಚಾರಣೆಯಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಟೈಪ್ ಮಾಡುವಾಗ ಎಲ್ಲವೂ ಇಂಗ್ಲಿಷಿನ ಸಣ್ಣಕ್ಷರ. ದೊಡ್ಡಕ್ಷರ ಬೇಕಾದ ಕಡೆ ಹಾಗೆಂದೇ ಹೇಳಿದ್ದೇನೆ. ಮುಂದೆ ಬರುವ ಸುಡೊ ಎಂದರೆ "ಅಡ್ಮಿನ್ ಅಧಿಕಾರದಿಂದ ಓಡಿಸು".

ಒಳಗೆ ಏನು ಕೆಟ್ಟಿರುತ್ತದೆ

ನೀವು ಒಂದು ಫೈಲ್ ಉಳಿಸಿದಾಗ ಡಿಸ್ಕಿನಲ್ಲಿ ಒಂದೇ ಕಡೆ ಬರೆಯುವುದಿಲ್ಲ. ಫೈಲಿನ ಒಳಗಿರುವ ಡೇಟಾ ಬ್ಲಾಕ್‌ಗಳಿಗೆ ಹೋಗುತ್ತದೆ. ಬ್ಲಾಕ್ ಎಂದರೆ ಸಾಮಾನ್ಯವಾಗಿ 4 ಕಿಲೋಬೈಟ್‌ನ ತುಂಡು. ಯಾವ ಬ್ಲಾಕ್‌ಗಳು, ಎಷ್ಟು ಗಾತ್ರ, ಯಾರ ಫೈಲು ಎಂಬ ವಿವರ ಐನೋಡ್ ಎಂಬ ದಾಖಲೆಗೆ ಹೋಗುತ್ತದೆ. ಹೆಸರು ಫೋಲ್ಡರಿನ ಪಟ್ಟಿಗೆ ಸೇರುತ್ತದೆ. ಯಾವ ಬ್ಲಾಕ್ ಖಾಲಿ, ಯಾವುದು ಭರ್ತಿ ಎನ್ನುವ ಬಿಟ್‌ಮ್ಯಾಪ್ ಬೇರೆಯೇ ಇದೆ. ಈ ನಾಲ್ಕರಲ್ಲಿ ಎರಡು ಬರೆದಾಗಲೇ ಕರೆಂಟ್ ಹೋದರೆ ಒಂದರ ಲೆಕ್ಕ ಇನ್ನೊಂದಕ್ಕೆ ತಾಳೆಯಾಗುವುದಿಲ್ಲ. ಆ ಲೆಕ್ಕಗಳನ್ನು ಕೂರಿಸಿ ತಾಳೆ ನೋಡುವ ಪ್ರೋಗ್ರಾಮೇ ಎಫ್‌ಎಸ್‌ಸಿಕೆ. ಇಎಕ್ಸ್‌ಟಿ4ಕ್ಕೆ ಅದು ಒಳಗಿನಿಂದ ಕರೆಯುವುದು ಇ2ಎಫ್‌ಎಸ್‌ಸಿಕೆಯನ್ನು.

ಇಎಕ್ಸ್‌ಟಿ4 (2008ರ ಡಿಸೆಂಬರ್‌ನಲ್ಲಿ ಬಂದ 2.6.28 ಕರ್ನಲ್‌ನಿಂದ ಸ್ಥಿರ ಎಂದು ಬಳಕೆಯಲ್ಲಿದೆ) ಇದಕ್ಕೊಂದು ಕಾವಲು ಇಟ್ಟುಕೊಂಡಿದೆ: ಜರ್ನಲ್. ಅಂಗಡಿಯವರು ಮೊದಲು ಚಿಟ್ಟಾದಲ್ಲಿ ಗೀಚಿಕೊಂಡು ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುವ ಹಾಗೆ, ಮಾಡಬೇಕಾದ ಬದಲಾವಣೆಯನ್ನು ಮೊದಲು ಜರ್ನಲ್‌ನಲ್ಲಿ ಬರೆದು, ಬಳಿಕ ಅದರ ಜಾಗಕ್ಕೆ ಹಾಕುತ್ತದೆ. ನಡುವೆ ಕರೆಂಟ್ ಹೋದರೆ ಮುಂದಿನ ಬೂಟ್‌ನಲ್ಲಿ ಜರ್ನಲ್ ಓದಿ, ಅರ್ಧಕ್ಕೆ ನಿಂತದ್ದನ್ನು ಮುಗಿಸುತ್ತದೆ. ಇದಕ್ಕೆ ಕೆಲವು ಸೆಕೆಂಡು ಸಾಕು.

ಹಾಗಾಗಿ ಗಮನಿಸಬೇಕಾದ ಮಾತು ಇದು: ಜರ್ನಲ್ ಇರುವ ಫೈಲ್‌ಸಿಸ್ಟಮ್, ಬರೀ ಕರೆಂಟ್ ಹೋದ ಕಾರಣಕ್ಕೆ "ನೀವೇ ಕೈಯಾರೆ ತಪಾಸಣೆ ಮಾಡಿ" ಎಂದು ಕೇಳುವ ಸ್ಥಿತಿಗೆ ಬರಬಾರದು. ಬಂದಿದೆ ಎಂದರೆ ಕರೆಂಟ್ ಜೊತೆ ಇನ್ನೊಂದು ಕಾರಣವೂ ಇರುವ ಸಾಧ್ಯತೆ ಹೆಚ್ಚು. ಡಿಸ್ಕಿನಲ್ಲಿ ಓದಲಾಗದ ಸೆಕ್ಟರ್, ಸಡಿಲವಾದ ಸಾಟಾ ಕೇಬಲ್, ಕೆಟ್ಟ ರ‍್ಯಾಮ್, ಬರೆಯದೆಯೇ "ಬರೆದಾಯಿತು" ಎಂದು ಹೇಳುವ ಅಗ್ಗದ ಎಸ್‌ಎಸ್‌ಡಿ, ಇವುಗಳಲ್ಲಿ ಒಂದು. ಆದ್ದರಿಂದಲೇ ರಿಪೇರಿಗಿಂತ ಮೊದಲು ಡಿಸ್ಕಿನ ಆರೋಗ್ಯ ನೋಡಿ ಎನ್ನುವುದು.

ಇನ್ನೊಂದು ಮಿತಿ ಗೊತ್ತಿರಲಿ. ಇಎಕ್ಸ್‌ಟಿ4 ತಾನಾಗಿ ಜರ್ನಲ್‌ಗೆ ಹಾಕುವುದು ಹೆಸರು, ಗಾತ್ರ, ಜಾಗದ ಲೆಕ್ಕಗಳನ್ನು ಮಾತ್ರ. ಫೈಲಿನ ಒಳಗಿನ ಡೇಟಾವನ್ನಲ್ಲ. ಜರ್ನಲ್ 5 ಸೆಕೆಂಡಿಗೊಮ್ಮೆ ಡಿಸ್ಕಿಗೆ ಇಳಿದರೂ, ಹೊಸದಾಗಿ ಬರೆದ ಡೇಟಾ ಮೆಮೊರಿಯಲ್ಲೇ 30 ಸೆಕೆಂಡಿನಷ್ಟು ಕಾಯುತ್ತಿರಬಹುದು. ಕರೆಂಟ್ ಹೋಗುವ ಮುನ್ನ ಅರ್ಧ ನಿಮಿಷದಲ್ಲಿ ಟೈಪ್ ಮಾಡಿದ್ದು ಸಿಗದಿದ್ದರೆ ಅದನ್ನು ಯಾವ ತಪಾಸಣೆಯೂ ವಾಪಸ್ ತರುವುದಿಲ್ಲ. ಎಫ್‌ಎಸ್‌ಸಿಕೆ ಲೆಕ್ಕ ಸರಿಮಾಡುತ್ತದೆ, ಅಷ್ಟೇ. ಲೆಕ್ಕ ಸರಿಹೋಗಬೇಕೆಂದು ಒಂದು ಫೈಲನ್ನು ಕಿತ್ತುಹಾಕಬೇಕಾದರೆ ಕಿತ್ತುಹಾಕಿಬಿಡುತ್ತದೆ.

ಏನೇನು ಬೇಕು

- 8 ಜಿಬಿ ಅಥವಾ ಅದಕ್ಕಿಂತ ದೊಡ್ಡ ಪೆನ್‌ಡ್ರೈವ್, ಅದರಲ್ಲಿ ಬೂಟ್ ಆಗುವ ಉಬುಂಟು ಅಥವಾ ಮಿಂಟ್ ಲೈವ್ ಇಮೇಜ್ (ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಓಡುವ ಸಿಸ್ಟಮ್). ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಅಥವಾ ಬಲೇನಾ ಎಚರ್ ಬಳಸಿ ಮಾಡಿಕೊಳ್ಳಿ.
- ಕೆಟ್ಟ ಪಾರ್ಟಿಷನ್‌ಗಿಂತ ಹೆಚ್ಚು ಖಾಲಿ ಜಾಗ ಇರುವ ಎಕ್ಸ್‌ಟರ್ನಲ್ ಡಿಸ್ಕ್. ಪಾರ್ಟಿಷನ್ ಎಂದರೆ ಡಿಸ್ಕನ್ನು ಹಂಚಿ ಮಾಡಿದ ಒಂದು ಭಾಗ. ಡಿಸ್ಕ್ ಸರಿಯಿದ್ದರೆ ಇದು ಬೇಕಾಗದು, ಆದರೂ ಹತ್ತಿರ ಇರಲಿ.
- ನಡುವೆ ಹೋಗದ ಕರೆಂಟ್. ಲ್ಯಾಪ್‌ಟಾಪ್ ಆದರೆ ಚಾರ್ಜರ್ ಹಾಕಿಡಿ. ಡೆಸ್ಕ್‌ಟಾಪ್ ಆದರೆ 600 ವಿಎಯ ಸಣ್ಣ ಯುಪಿಎಸ್ ಕೊಡುವ ಕೆಲವು ನಿಮಿಷ ಸಾಲದು, ಮನೆಯ ಇನ್ವರ್ಟರ್ ಲೈನಿಗೆ ಹಾಕಿ. ರಿಪೇರಿಯ ನಡುವೆ ಮತ್ತೆ ಕರೆಂಟ್ ಹೋಗುವುದು ಮೊದಲ ಸಲಕ್ಕಿಂತ ಕೆಟ್ಟದ್ದು.
- ಫೋಟೋ ತೆಗೆಯಲು ಮೊಬೈಲ್.

1. ಪರದೆಯ ಮೇಲಿನ ಸಂದೇಶ ಓದಿ, ಫೋಟೋ ತೆಗೆದಿಡಿ

ಏನನ್ನೂ ಒತ್ತುವ ಮೊದಲು ಫೋಟೋ ತೆಗೆಯಿರಿ. ಮುಂದಿನ ಬೂಟ್‌ನಲ್ಲಿ ಅದೇ ಸಾಲುಗಳು ಕಾಣುತ್ತವೆಂಬ ಖಾತ್ರಿಯಿಲ್ಲ.

"ರಿಕವರಿಂಗ್ ಜರ್ನಲ್", ಅದರ ಹಿಂದೆ "ಕ್ಲೀನ್" ಎಂದು ಬಂದು ಫೈಲು ಮತ್ತು ಬ್ಲಾಕ್‌ಗಳ ಎಣಿಕೆ ಕಂಡರೆ ಎಲ್ಲ ಸರಿಯಾಗಿದೆ. "ಆರ್ಫನ್ಡ್ ಐನೋಡ್" ತೆಗೆದೆವು ಎಂಬ ಸಾಲುಗಳಿಗೂ ಹೆದರಬೇಡಿ. ಅಳಿಸಿದ್ದರೂ ಯಾವುದೋ ಪ್ರೋಗ್ರಾಂ ತೆರೆದಿಟ್ಟುಕೊಂಡಿದ್ದ ಫೈಲುಗಳವು, ಕರೆಂಟ್ ಹೋದಾಗಲೆಲ್ಲ ಕಾಣುತ್ತವೆ.

"ಅನೆಕ್ಸ್‌ಪೆಕ್ಟೆಡ್ ಇನ್‌ಕನ್ಸಿಸ್ಟೆನ್ಸಿ, ರನ್ ಎಫ್‌ಎಸ್‌ಸಿಕೆ ಮ್ಯಾನ್ಯುಅಲಿ" ಎಂದು ಬಂದರೆ ಅರ್ಥ ಹೀಗೆ: ಬೂಟ್ ಆಗುವಾಗ ನಡೆಯುವ ತಪಾಸಣೆಗೆ, ಯಾರನ್ನೂ ಕೇಳದೆ ಸರಿಮಾಡಬಹುದಾದ ಸಣ್ಣಪುಟ್ಟ ದೋಷಗಳನ್ನು ಮಾತ್ರ ಮುಟ್ಟಲು ಅನುಮತಿ ಇದೆ. ಅದಕ್ಕಿಂತ ದೊಡ್ಡದು ಸಿಕ್ಕಿದ್ದರಿಂದ ಕೈಬಿಟ್ಟು ನಿಮ್ಮನ್ನು ಕರೆದಿದೆ.

"ಐ/ಒ ಎರರ್", "ಮೀಡಿಯಂ ಎರರ್" ಎಂಬ ಪದಗಳು ಕಂಡರೆ ಅಲ್ಲೇ ನಿಲ್ಲಿಸಿ. ಇದು ಲೆಕ್ಕದ ದೋಷವಲ್ಲ, ಡಿಸ್ಕಿನಿಂದ ಓದಲಿಕ್ಕೇ ಆಗುತ್ತಿಲ್ಲ. 2 ಮತ್ತು 3ನೇ ಹಂತ ಬಿಟ್ಟು ಮುಂದೆ ಹೋಗಲೇಬೇಡಿ.

"ಎಮರ್ಜೆನ್ಸಿ ಮೋಡ್" ಎಂದು ಬಂದು ರೂಟ್ ಪಾಸ್‌ವರ್ಡ್ ಕೇಳಿದರೆ ಮೊದಲು ನೋಡಬೇಕಾದದ್ದು ಬೇರೆ. ಯಾವಾಗಲೂ ಚುಚ್ಚಿರುತ್ತಿದ್ದ ಎಕ್ಸ್‌ಟರ್ನಲ್ ಡಿಸ್ಕ್ ಈಗ ಆನ್ ಆಗಿದೆಯೇ? /ಇಟಿಸಿ/ಎಫ್‌ಎಸ್‌ಟ್ಯಾಬ್ ಫೈಲಿನಲ್ಲಿ ಹೆಸರಿಸಿದ ಒಂದು ಡಿಸ್ಕ್ ಸಿಗದಿದ್ದರೂ ಬೂಟ್ ಹೀಗೇ ನಿಲ್ಲುತ್ತದೆ, ಏನೂ ಕೆಟ್ಟಿರುವುದಿಲ್ಲ. ಅಂಥ ಡಿಸ್ಕಿನ ಸಾಲಿನಲ್ಲಿ, ನಾಲ್ಕನೇ ಕಾಲಮ್‌ಗೆ "ನೋಫೇಲ್" ಸೇರಿಸಿದರೆ ಮುಂದೆ ಈ ತೊಂದರೆ ಇಲ್ಲ.

ತಪಾಸಣೆ ಶೇಕಡಾವಾರು ಅಂಕಿ ತೋರಿಸುತ್ತಾ ನಿಧಾನಕ್ಕೆ ಸಾಗುತ್ತಿದ್ದರೆ ಪವರ್ ಬಟನ್ ಮುಟ್ಟಬೇಡಿ. ಡಿಸ್ಕ್ ಲೈಟ್ ಮಿನುಗುತ್ತಿರುವವರೆಗೆ ಕಾಯಿರಿ. ದೊಡ್ಡ ಹಾರ್ಡ್‌ಡಿಸ್ಕ್ ಆದರೆ ಒಂದು ಗಂಟೆ ಮೀರುವುದೂ ಉಂಟು.

2. ಲೈವ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ, ಪಾರ್ಟಿಷನ್ ಗುರುತಿಸಿ

ಇನಿಟ್‌ರಾಮ್‌ಎಫ್‌ಎಸ್ ಪರದೆಯಲ್ಲೂ ಎಫ್‌ಎಸ್‌ಸಿಕೆ ಓಡುತ್ತದೆ. ಆದರೆ ಡಿಸ್ಕಿನ ಆರೋಗ್ಯ ನೋಡುವ ಸಾಧನ ಅಲ್ಲಿರುವುದಿಲ್ಲ. ಹಾಗಾಗಿ ಪೆನ್‌ಡ್ರೈವ್ ದಾರಿಯೇ ಮೇಲು. ಬೂಟ್ ಮೆನುವಿನಲ್ಲಿ "ಟ್ರೈ" ಆರಿಸಿ, "ಇನ್‌ಸ್ಟಾಲ್" ಅಲ್ಲ. ಟರ್ಮಿನಲ್ ತೆರೆದು:

ಸುಡೊ ಎಲ್‌ಎಸ್‌ಬಿಎಲ್‌ಕೆ -ಎಫ್

ಎಲ್ಲ ಪಾರ್ಟಿಷನ್‌ಗಳು, ಪ್ರತಿಯೊಂದರ ಫೈಲ್‌ಸಿಸ್ಟಮ್ ಬಗೆ ಕಾಣುತ್ತವೆ. ಎಸ್‌ಡಿಎ ಎಂಬುದು ಇಡೀ ಡಿಸ್ಕ್, ಎಸ್‌ಡಿಎ2 ಎಂಬುದು ಅದರ ಎರಡನೇ ಪಾರ್ಟಿಷನ್. ಎನ್‌ವಿಎಂಇ ಎಸ್‌ಎಸ್‌ಡಿ ಆದರೆ ಎನ್‌ವಿಎಂಇ0ಎನ್1 ಇಡೀ ಡಿಸ್ಕ್, ಎನ್‌ವಿಎಂಇ0ಎನ್1ಪಿ2 ಪಾರ್ಟಿಷನ್. ತಪಾಸಣೆ ನಡೆಯಬೇಕಾದ್ದು ಪಾರ್ಟಿಷನ್ ಮೇಲೆ. ಅಂಕಿ ಬಿಟ್ಟು ಇಡೀ ಡಿಸ್ಕಿನ ಹೆಸರು ಕೊಟ್ಟರೆ "ಬ್ಯಾಡ್ ಮ್ಯಾಜಿಕ್ ನಂಬರ್ ಇನ್ ಸೂಪರ್‌ಬ್ಲಾಕ್" ಎಂದು ಬರುತ್ತದೆ. ಈ ಸಾಲು ನೋಡಿ ಡಿಸ್ಕೇ ಹೋಯಿತು ಎಂದು ಗಾಬರಿಯಾಗಿ ಬರೆಯುವವರು ಬಹಳ. ಮೊದಲು ಅಂಕಿ ಸರಿಯಾಗಿ ಹಾಕಿದ್ದೀರಾ ನೋಡಿ. ಮುಂದಿನ ಉದಾಹರಣೆಗಳಲ್ಲೆಲ್ಲ ಎಸ್‌ಡಿಎ2 ಎಂದು ಬರೆದಿದ್ದೇನೆ, ಅಲ್ಲಿ ನಿಮ್ಮ ಪಾರ್ಟಿಷನ್ ಹೆಸರು ಹಾಕಿ.

ಪಾರ್ಟಿಷನ್ ಮೌಂಟ್ ಆಗಿರಬಾರದು, ಅಂದರೆ ಸಿಸ್ಟಮ್ ಅದನ್ನು ತೆರೆದು ಬಳಸುತ್ತಿರಬಾರದು. ಪಟ್ಟಿಯಲ್ಲಿ ಅದರ ಮುಂದೆ ಫೋಲ್ಡರ್ ದಾರಿ ಕಂಡರೆ ಬಿಡಿಸಿ:

ಸುಡೊ ಯುಮೌಂಟ್ /ಡೆವ್/ಎಸ್‌ಡಿಎ2

ಇದರಲ್ಲಿ ಮೊದಲ ಯು ಆದ ತಕ್ಷಣ ಎಂ. ನಡುವೆ ಎನ್ ಇಲ್ಲ.

ಫೈಲ್ ಮ್ಯಾನೇಜರ್‌ನಲ್ಲಿ ಡಿಸ್ಕಿನ ಚಿತ್ರ ಕಂಡಿತೆಂದು ಕ್ಲಿಕ್ ಮಾಡಬೇಡಿ. ಕ್ಲಿಕ್ ಮಾಡಿದರೆ ಮೌಂಟ್ ಆಗುತ್ತದೆ, ಮೌಂಟ್ ಆದರೆ ಜರ್ನಲ್ ಓದಿ ಡಿಸ್ಕಿಗೆ ಬರೆಯುತ್ತದೆ. "ಓದಲು ಮಾತ್ರ" ಎಂದು ಮೌಂಟ್ ಮಾಡಿದರೂ ಜರ್ನಲ್ ಬರಹ ತಪ್ಪುವುದಿಲ್ಲ. ಅದನ್ನು ತಡೆಯಬೇಕಾದರೆ "-ಒ ಆರ್‌ಒ,ನೋಲೋಡ್" ಎಂದು ಕೊಡಬೇಕು.

ಇನ್‌ಸ್ಟಾಲ್ ಮಾಡುವಾಗ ಎನ್‌ಕ್ರಿಪ್ಷನ್ ಆರಿಸಿದ್ದರೆ ಪಟ್ಟಿಯಲ್ಲಿ "ಕ್ರಿಪ್ಟೊ_ಲಕ್ಸ್" ಎಂದಿರುತ್ತದೆ. ಮೊದಲು ಬೀಗ ತೆಗೆಯಿರಿ:

ಸುಡೊ ಕ್ರಿಪ್ಟ್‌ಸೆಟಪ್ ಓಪನ್ /ಡೆವ್/ಎಸ್‌ಡಿಎ3 ಡಿಸ್ಕ್

ಎಲ್‌ವಿಎಂ (ಡಿಸ್ಕಿನ ಜಾಗವನ್ನು ಒಟ್ಟುಗೂಡಿಸಿ ಹಂಚುವ ವ್ಯವಸ್ಥೆ) ಇದ್ದರೆ ಮುಂದುವರಿದು "ಸುಡೊ ವಿಜಿಚೇಂಜ್ -ಎವೈ". ಬಳಿಕ /ಡೆವ್/ಮ್ಯಾಪರ್ ಕೆಳಗೆ ಕಾಣುವ ಹೆಸರಿನ ಮೇಲೆ ತಪಾಸಣೆ. ಬೀಗ ತೆಗೆಯದ ಪಾರ್ಟಿಷನ್ ಮೇಲೆ ಎಫ್‌ಎಸ್‌ಸಿಕೆ ಓಡಿಸಬೇಡಿ.

3. ಡಿಸ್ಕಿನ ಆರೋಗ್ಯ ನೋಡಿ

ಇಂಟರ್ನೆಟ್ ಕನೆಕ್ಟ್ ಮಾಡಿ ಸಾಧನ ಹಾಕಿಕೊಳ್ಳಿ:

ಸುಡೊ ಎಪಿಟಿ ಇನ್‌ಸ್ಟಾಲ್ ಸ್ಮಾರ್ಟ್‌ಮಾನ್‌ಟೂಲ್ಸ್
ಸುಡೊ ಸ್ಮಾರ್ಟ್‌ಸಿಟಿಎಲ್ -ಎ /ಡೆವ್/ಎಸ್‌ಡಿಎ

ಇಲ್ಲಿ ಇಡೀ ಡಿಸ್ಕಿನ ಹೆಸರು, ಪಾರ್ಟಿಷನ್ ಅಂಕಿ ಬೇಡ. ಯುಎಸ್‌ಬಿ ಪೆಟ್ಟಿಗೆಯಲ್ಲಿರುವ ಡಿಸ್ಕ್ ಉತ್ತರ ಕೊಡದಿದ್ದರೆ "-ಡಿ ಸ್ಯಾಟ್" ಸೇರಿಸಿ.

ಮೇಲ್ಗಡೆ "ಪಾಸ್ಡ್" ಎಂದು ಬಂದದ್ದನ್ನು ನೋಡಿ ನೆಮ್ಮದಿ ಪಡಬೇಡಿ. ಪೂರ್ತಿ ಕೈಕೊಡುವ ಹಂತಕ್ಕೆ ಬಂದ ಡಿಸ್ಕುಗಳೂ ಪಾಸ್ಡ್ ಎಂದೇ ಹೇಳುತ್ತವೆ. ಕೆಳಗಿನ ಪಟ್ಟಿಯ ಕೊನೆಯ ಕಾಲಮ್ "ರಾ ವ್ಯಾಲ್ಯೂ" ನೋಡಿ, ಅದೂ ಈ ನಾಲ್ಕು ಸಾಲುಗಳಲ್ಲಿ:

- 5ನೇ ಸಂಖ್ಯೆ, ರೀಅಲೊಕೇಟೆಡ್ ಸೆಕ್ಟರ್: ಕೆಟ್ಟು, ಬದಲಿ ಜಾಗಕ್ಕೆ ಹೋದ ಸೆಕ್ಟರ್‌ಗಳು. ಬೆರಳೆಣಿಕೆಯಷ್ಟಿದ್ದು ವರ್ಷಗಟ್ಟಲೆ ಹಾಗೇ ಉಳಿದರೆ ಪರವಾಗಿಲ್ಲ, ಏರುತ್ತಿದ್ದರೆ ಡಿಸ್ಕ್ ಬದಲಿಸಿ.
- 197, ಕರೆಂಟ್ ಪೆಂಡಿಂಗ್ ಸೆಕ್ಟರ್: ಈಗ ಓದಲಾಗದೆ ಕಾಯುತ್ತಿರುವ ಸೆಕ್ಟರ್‌ಗಳು. ಇದು ಸೊನ್ನೆ ಇರಬೇಕು. ಇಲ್ಲದಿದ್ದರೆ ರಿಪೇರಿ ಬೇಡ, ನೇರ 5ನೇ ಹಂತಕ್ಕೆ ಹೋಗಿ ಪ್ರತಿ ಮಾಡಿಕೊಳ್ಳಿ.
- 198, ಆಫ್‌ಲೈನ್ ಅನ್‌ಕರೆಕ್ಟಬಲ್: ಇದಕ್ಕೂ ಮೇಲಿನ ಮಾತೇ.
- 199, ಯುಡಿಎಂಎ ಸಿಆರ್‌ಸಿ ಎರರ್: ಡಿಸ್ಕ್ ಮತ್ತು ಬೋರ್ಡ್ ನಡುವೆ ಡೇಟಾ ಸಾಗುವಾಗ ಆದ ತಪ್ಪುಗಳು. ಹೆಚ್ಚಿನ ಸಲ ಸಾಟಾ ಕೇಬಲ್ ಕಾರಣ. ಕಂಪ್ಯೂಟರ್ ಆಫ್ ಮಾಡಿ ಕೇಬಲ್ ಬದಲಿಸಿ. ಹಳೆಯ ಎಣಿಕೆ ಅಳಿಯುವುದಿಲ್ಲ, ಹೊಸದಾಗಿ ಏರದಿದ್ದರೆ ಸಾಕು.

ಎನ್‌ವಿಎಂಇಯಲ್ಲಿ ಈ ಪಟ್ಟಿ ಇರುವುದಿಲ್ಲ. ಅಲ್ಲಿ "ಕ್ರಿಟಿಕಲ್ ವಾರ್ನಿಂಗ್" ಮತ್ತು "ಮೀಡಿಯಾ ಆ್ಯಂಡ್ ಡೇಟಾ ಇಂಟೆಗ್ರಿಟಿ ಎರರ್ಸ್" ಎರಡೂ ಸೊನ್ನೆ ಇರಬೇಕು. "ಅನ್‌ಸೇಫ್ ಶಟ್‌ಡೌನ್ಸ್" ಎಂಬ ಎಣಿಕೆ ದೊಡ್ಡದಿದ್ದರೆ ಡಿಸ್ಕ್ ಕೆಟ್ಟಿದೆ ಎಂದಲ್ಲ. ಎಷ್ಟು ಸಲ ಹೀಗೆ ಏಕಾಏಕಿ ಆಫ್ ಆಗಿದೆ ಎಂಬ ಲೆಕ್ಕ ಅದು.

ಕರ್ನಲ್ ಏನು ಹೇಳುತ್ತಿದೆ ಎಂಬುದನ್ನೂ "ಸುಡೊ ಡಿಎಂಇಎಸ್‌ಜಿ" ಕೊಟ್ಟು ನೋಡಿ. ಎಸ್‌ಡಿಎ ಹೆಸರಿನ ಜೊತೆ ಐ/ಒ ಎರರ್ ಸಾಲುಗಳು ಕಂಡರೆ ಮೇಲೆ ನೋಡಿದ ಸ್ಮಾರ್ಟ್ ವರದಿ (ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಲೆಕ್ಕ) ಎಷ್ಟೇ ಚೆನ್ನಾಗಿರಲಿ, ಆ ಡಿಸ್ಕನ್ನು ನಂಬಬೇಡಿ.

4. ಏನನ್ನೂ ಬರೆಯದ ತಪಾಸಣೆ

ಸುಡೊ ಇ2ಎಫ್‌ಎಸ್‌ಸಿಕೆ -ಎಫ್ -ಎನ್ /ಡೆವ್/ಎಸ್‌ಡಿಎ2

-ಎಫ್ ಎಂದರೆ "ಕ್ಲೀನ್ ಎಂದು ಗುರುತಿದ್ದರೂ ಪೂರ್ತಿ ನೋಡು". -ಎನ್ ಎಂದರೆ ಎಲ್ಲ ಪ್ರಶ್ನೆಗೂ ಇಲ್ಲ ಎಂಬ ಉತ್ತರ. ಡಿಸ್ಕಿಗೆ ಒಂದಕ್ಷರವೂ ಬರೆಯುವುದಿಲ್ಲ.

ಇಲ್ಲೊಂದು ಮೋಸಹೋಗುವ ಜಾಗವಿದೆ. ಬರೆಯುವಂತಿಲ್ಲವಾದ್ದರಿಂದ ಜರ್ನಲ್ಲನ್ನೂ ಇದು ಬಳಸುವುದಿಲ್ಲ, ಹಾಗೆಂದು ಮೊದಲೇ ಎಚ್ಚರಿಕೆಯ ಸಾಲು ಕೊಡುತ್ತದೆ. ಜರ್ನಲ್ ಓದಿದ್ದರೆ ತಾನಾಗಿ ಹೋಗುತ್ತಿದ್ದ ದೋಷಗಳೂ ಪಟ್ಟಿಯಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಪಟ್ಟಿಯ ಉದ್ದ ನೋಡಬೇಡಿ, ಯಾವ ಬಗೆಯ ದೋಷ ಎಂದು ನೋಡಿ.

ತಪಾಸಣೆ ಐದು ಸುತ್ತಿನಲ್ಲಿ ನಡೆಯುತ್ತದೆ. 1ನೇ ಸುತ್ತು ಐನೋಡ್ ಮತ್ತು ಬ್ಲಾಕ್‌ಗಳದ್ದು. ಹೆಚ್ಚು ಸಮಯ ಹಿಡಿಯುವುದೂ, ದೊಡ್ಡ ಅನಾಹುತ ಕಾಣುವುದೂ ಇಲ್ಲೇ. "ಮಲ್ಟಿಪ್ಲಿ-ಕ್ಲೇಮ್ಡ್ ಬ್ಲಾಕ್ಸ್" ಎಂದು ಬಂದರೆ ಒಂದೇ ಬ್ಲಾಕ್ ನನ್ನದೆಂದು ಎರಡು ಫೈಲುಗಳು ಹೇಳುತ್ತಿವೆ. ಅವೆರಡರಲ್ಲಿ ಒಂದರ ಡೇಟಾ ಆಗಲೇ ಹೋಗಿದೆ, ಹಾಗಾಗಿ ರಿಪೇರಿಗೆ ಮುಂಚೆ ಪ್ರತಿ ಮಾಡಿಕೊಳ್ಳಲೇಬೇಕು. 2ನೇ ಸುತ್ತಿನಲ್ಲಿ ಫೋಲ್ಡರಿನ ಪಟ್ಟಿ ನೋಡುತ್ತದೆ. 3ನೇ ಸುತ್ತು, ಯಾವ ಫೋಲ್ಡರಿಗೂ ಸೇರದೆ ಬಿಡಿಯಾಗಿ ಉಳಿದ ಫೋಲ್ಡರುಗಳದ್ದು. ಅವನ್ನು "ಲಾಸ್ಟ್+ಫೌಂಡ್" ಎಂಬ ಜಾಗಕ್ಕೆ ಸೇರಿಸಲೇ ಎಂದು ಕೇಳುತ್ತದೆ. 4ನೆಯದು ಪ್ರತಿ ಫೈಲಿಗೆ ಎಷ್ಟು ಹೆಸರಿದೆ ಎಂಬ ಎಣಿಕೆ. 5ನೆಯದು ಖಾಲಿ ಜಾಗದ ಲೆಕ್ಕ. ಅಲ್ಲಿ ಕಾಣುವ "ಫ್ರೀ ಬ್ಲಾಕ್ಸ್ ಕೌಂಟ್ ರಾಂಗ್" ಏನೇನೂ ಅಪಾಯವಲ್ಲ. 5ನೇ ಸುತ್ತಿನದ್ದು ಮಾತ್ರ ಇದ್ದು ಡಿಸ್ಕ್ ಆರೋಗ್ಯವಾಗಿದ್ದರೆ ನೇರ 6ನೇ ಹಂತಕ್ಕೆ ಹೋಗಿ.

5. ಅನುಮಾನ ಇದ್ದರೆ ಮೊದಲು ಪ್ರತಿ

197 ಸೊನ್ನೆ ಇಲ್ಲ, ಐ/ಒ ಎರರ್ ಇದೆ, ಅಥವಾ 1ನೇ ಸುತ್ತಿನಲ್ಲಿ ಸಾಲುಗಟ್ಟಲೆ ದೋಷ ಬಂತು. ಇವುಗಳಲ್ಲಿ ಯಾವುದೇ ಒಂದಿದ್ದರೂ ಇಡೀ ಪಾರ್ಟಿಷನ್ನಿನ ಪ್ರತಿ ತೆಗೆದು, ರಿಪೇರಿಯನ್ನು ಆ ಪ್ರತಿಯ ಮೇಲೆ ಮಾಡಿ. ಕೆಡುತ್ತಿರುವ ಡಿಸ್ಕಿನ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ, ಓದಲಾಗದ ಸೆಕ್ಟರ್ ಎದುರಾದಾಗ ಅದರಲ್ಲಿದ್ದ ಐನೋಡ್‌ಗಳನ್ನು ಕೆಟ್ಟವೆಂದು ಅಳಿಸುವ ಸಂಭವವಿದೆ. 4 ಕಿಲೋಬೈಟ್‌ನ ಒಂದು ಬ್ಲಾಕಿನಲ್ಲಿ 256 ಬೈಟ್‌ನ 16 ಐನೋಡ್‌ಗಳು ಹಿಡಿಯುತ್ತವೆ. ಎರಡನೇ ಸಲ ಓದಿದ್ದರೆ ಸಿಗುತ್ತಿದ್ದ ಒಂದೇ ಬ್ಲಾಕಿಗಾಗಿ 16 ಫೈಲು ಕಳೆದುಕೊಳ್ಳುವುದು ಬೇಡ.

ಸಾಧನದ ಹೆಸರು ಡಿಡಿರೆಸ್ಕ್ಯೂ. ಉಬುಂಟುವಿನಲ್ಲಿ ಪ್ಯಾಕೇಜ್ ಹೆಸರಿಗೆ ಮುಂದೊಂದು ಜಿ ಸೇರಿಸಿ, "ಜಿಡಿಡಿರೆಸ್ಕ್ಯೂ" ಎಂದು ಇನ್‌ಸ್ಟಾಲ್ ಮಾಡಬೇಕು. ಎಕ್ಸ್‌ಟರ್ನಲ್ ಡಿಸ್ಕಿನ ಫೋಲ್ಡರಿಗೆ ಹೋಗಿ:

ಸುಡೊ ಡಿಡಿರೆಸ್ಕ್ಯೂ -ಎನ್ /ಡೆವ್/ಎಸ್‌ಡಿಎ2 ಪ್ರತಿ.ಇಮೇಜ್ ಪ್ರತಿ.ಮ್ಯಾಪ್

ಕೊನೆಯ ಎರಡು ಹೆಸರು ನಿಮ್ಮಿಷ್ಟ. ಈ ಮೊದಲ ಸುತ್ತು ಸುಲಭಕ್ಕೆ ಸಿಗುವುದನ್ನೆಲ್ಲ ಬೇಗ ಎತ್ತಿಕೊಂಡು, ತಕರಾರು ಮಾಡುವ ಜಾಗಗಳನ್ನು ಮ್ಯಾಪ್ ಫೈಲಿನಲ್ಲಿ ಗುರುತಿಟ್ಟು ಮುಂದೆ ಹೋಗುತ್ತದೆ. ಅದು ಮುಗಿದ ಮೇಲೆ ಅದೇ ಹೆಸರುಗಳಿಟ್ಟು, -ಎನ್ ಬದಲು "-ಡಿ -ಆರ್3" ಕೊಟ್ಟರೆ ಉಳಿದ ಜಾಗಗಳನ್ನು ಇನ್ನೂ ಮೂರು ಸಲ ಪ್ರಯತ್ನಿಸುತ್ತದೆ. ನಡುವೆ ನಿಂತುಹೋದರೂ ಮ್ಯಾಪ್ ಫೈಲ್ ಇದ್ದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಎರಡು ಎಚ್ಚರಿಕೆ. ಮೊದಲು ಬರೆಯುವುದು ಎಲ್ಲಿಂದ, ಆಮೇಲೆ ಎಲ್ಲಿಗೆ. ತಿರುವುಮುರುವಾದರೆ ಇದ್ದದ್ದೂ ಹೋಯಿತು. ಎಂಟರ್ ಒತ್ತುವ ಮುನ್ನ ಒಮ್ಮೆ ಗಟ್ಟಿಯಾಗಿ ಓದಿಕೊಳ್ಳಿ. ಇನ್ನೊಂದು, ಎಕ್ಸ್‌ಟರ್ನಲ್ ಡಿಸ್ಕ್ ಫ್ಯಾಟ್32 ಇದ್ದರೆ 4 ಜಿಬಿಗಿಂತ ದೊಡ್ಡ ಫೈಲ್ ಅದರಲ್ಲಿ ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್ ಅಥವಾ ಇಎಕ್ಸ್‌ಟಿ4 ಇರಲಿ.

ಡಿಸ್ಕಿನಿಂದ ಟಕ್ ಟಕ್ ಸದ್ದು ಬರುತ್ತಿದ್ದರೆ, ಅದರಲ್ಲಿರುವುದು ಕಳೆದುಕೊಳ್ಳಲಾಗದ್ದಾದರೆ, ಇದನ್ನೂ ಮಾಡಬೇಡಿ. ಕರೆಂಟ್ ತೆಗೆದಿಟ್ಟು ಡೇಟಾ ರಿಕವರಿ ಮಾಡುವವರ ಬಳಿ ಒಯ್ಯಿರಿ. ಪ್ರತಿ ಸಲ ಆನ್ ಮಾಡಿದಾಗಲೂ ಸಿಗುವ ಭಾಗ ಕಡಿಮೆಯಾಗುತ್ತಾ ಹೋಗುತ್ತದೆ.

6. ರಿಪೇರಿ

ಮೊದಲು ಮೃದುವಾದ ದಾರಿ:

ಸುಡೊ ಇ2ಎಫ್‌ಎಸ್‌ಸಿಕೆ -ಎಫ್ -ಪಿ /ಡೆವ್/ಎಸ್‌ಡಿಎ2

-ಪಿ ಜರ್ನಲ್ ಓದಿ, ಅಪಾಯವಿಲ್ಲದ ದೋಷಗಳನ್ನಷ್ಟೇ ಸರಿಮಾಡುತ್ತದೆ. ಮುಗಿದ ಕೂಡಲೇ "ಎಕೋ $?" ಕೊಟ್ಟು ಉತ್ತರ ಸಂಖ್ಯೆ ನೋಡಿ. 0 ಬಂದರೆ ದೋಷವೇ ಇರಲಿಲ್ಲ. 1 ಬಂದರೆ ಸರಿಹೋಯಿತು. 2 ಬಂದರೆ ಸರಿಹೋಯಿತು, ರೀಬೂಟ್ ಮಾಡಿ. 4 ಬಂದರೆ ದೋಷ ಉಳಿದಿದೆ. 8 ಬಂದರೆ ತಪಾಸಣೆಯೇ ನಡೆಯಲಿಲ್ಲ: ಪಾರ್ಟಿಷನ್ ಹೆಸರು ತಪ್ಪಿರಬಹುದು, ಮೌಂಟ್ ಆಗಿರಬಹುದು. ಸಂಖ್ಯೆಗಳು ಕೂಡಿಕೊಂಡೂ ಬರುತ್ತವೆ, 12 ಎಂದರೆ 8 ಮತ್ತು 4.

ಬೂಟ್‌ನಲ್ಲೇ "ಮ್ಯಾನ್ಯುಅಲಿ" ಎಂದು ಕೇಳಿದ್ದರೆ ಈ ಮೃದು ದಾರಿಯನ್ನು ಸಿಸ್ಟಮ್ ಆಗಲೇ ಪ್ರಯತ್ನಿಸಿ ಸೋತಿದೆ. ಹಾಗಾಗಿ 4 ಬಂದರೆ ಆಶ್ಚರ್ಯವಿಲ್ಲ. ಆಗ ಪೂರ್ಣ ರಿಪೇರಿ:

ಸುಡೊ ಇ2ಎಫ್‌ಎಸ್‌ಸಿಕೆ -ಎಫ್ -ವೈ -ಸಿ 0 -ಝಡ್ /ಮೀಡಿಯಾ/.../ಹಿಂದಕ್ಕೆ.ಇ2ಅಂಡು /ಡೆವ್/ಎಸ್‌ಡಿಎ2

ಇಲ್ಲಿ ಸಿ ದೊಡ್ಡಕ್ಷರ, ಅದರ ಮುಂದಿನದು ಸೊನ್ನೆ. ಎಷ್ಟು ಶೇಕಡಾ ಮುಗಿಯಿತು ಎಂದು ತೋರಿಸುತ್ತದೆ. ಸಣ್ಣಕ್ಷರದ ಸಿ ಕೊಟ್ಟರೆ ಡಿಸ್ಕನ್ನು ಇಡಿಯಾಗಿ ಓದಿ ಕೆಟ್ಟ ಬ್ಲಾಕ್ ಹುಡುಕಲು ಹೊರಡುತ್ತದೆ, ಗಂಟೆಗಟ್ಟಲೆ ಹಿಡಿಯುತ್ತದೆ. -ಝಡ್ ಬಗ್ಗೆ ಹೆಚ್ಚಿನವರಿಗೆ ಗೊತ್ತಿಲ್ಲ, ಬಳಸಬೇಕಾದ ಸೌಲಭ್ಯವದು. ಬದಲಾಯಿಸುವ ಪ್ರತಿ ಬ್ಲಾಕಿನ ಹಳೆಯ ರೂಪವನ್ನು ಆ ಫೈಲಿನಲ್ಲಿ ಉಳಿಸಿಡುತ್ತದೆ. ರಿಪೇರಿ ಬೇಡವಾಗಿತ್ತು ಅನಿಸಿದರೆ, ಆ ಪಾರ್ಟಿಷನ್ ಮೌಂಟ್ ಮಾಡುವ ಮೊದಲು ಇ2ಅಂಡು ಎಂಬ ಸಾಧನದಿಂದ ಹಿಂದಿನ ಸ್ಥಿತಿಗೆ ಮರಳಬಹುದು. ಈ ಫೈಲ್ ಬೇರೆ ಡಿಸ್ಕಿನಲ್ಲಿರಬೇಕು, ಚುಕ್ಕೆಗಳ ಜಾಗದಲ್ಲಿ ಆ ಡಿಸ್ಕಿನ ಫೋಲ್ಡರ್ ದಾರಿ ಹಾಕಿ.

-ಪಿ, -ವೈ, -ಎನ್ ಈ ಮೂರರಲ್ಲಿ ಒಮ್ಮೆಗೆ ಒಂದೇ. ಪ್ರತಿಯ ಮೇಲೆ ಮಾಡುವವರು /ಡೆವ್/ಎಸ್‌ಡಿಎ2 ಬದಲು ಇಮೇಜ್ ಫೈಲಿನ ಹೆಸರೇ ಕೊಡಿ, ಹಾಗೆಯೇ ಕೆಲಸ ಮಾಡುತ್ತದೆ.

"ದಿ ಫೈಲ್‌ಸಿಸ್ಟಮ್ ಈಸ್ ಮೌಂಟೆಡ್" ಎಂದು ಎಚ್ಚರಿಸಿ, ಮುಂದುವರಿಯಲೇ ಎಂದು ಕೇಳಿದರೆ ಉತ್ತರ ಯಾವಾಗಲೂ ಎನ್. ಸಿಸ್ಟಮ್ ಒಂದು ಕಡೆಯಿಂದ, ಎಫ್‌ಎಸ್‌ಸಿಕೆ ಇನ್ನೊಂದು ಕಡೆಯಿಂದ ಒಂದೇ ಪಾರ್ಟಿಷನ್‌ಗೆ ಬರೆದರೆ ಸರಿಯಿದ್ದದ್ದೂ ಕೆಡುತ್ತದೆ. ನಿಲ್ಲಿಸಲೇಬೇಕಾದ ಸಂದರ್ಭ ಬಂದರೆ ಕಂಟ್ರೋಲ್ ಮತ್ತು ಸಿ ಒತ್ತಿ, ಪವರ್ ಬಟನ್ ಬೇಡ.

ಪಾರ್ಟಿಷನ್ ಹೆಸರು ಸರಿಯಿದ್ದೂ ಸೂಪರ್‌ಬ್ಲಾಕ್ ದೋಷ ಬಂದರೆ, ಇಡೀ ಫೈಲ್‌ಸಿಸ್ಟಮ್‌ನ ಮೂಲ ವಿವರ ಇರುವ ಬ್ಲಾಕೇ ಕೆಟ್ಟಿದೆ. ಅದರ ನಕಲುಗಳು 32768, 98304, 163840ನೇ ಬ್ಲಾಕ್‌ಗಳಲ್ಲಿ ಇರುತ್ತವೆ:

ಸುಡೊ ಇ2ಎಫ್‌ಎಸ್‌ಸಿಕೆ -ಬಿ 32768 -ಬಿ 4096 /ಡೆವ್/ಎಸ್‌ಡಿಎ2

ಮೊದಲ ಬಿ ಸಣ್ಣದು, ಎರಡನೆಯದು ದೊಡ್ಡಕ್ಷರ. ಒಂದು ಸಂಖ್ಯೆ ಆಗದಿದ್ದರೆ ಮುಂದಿನದು. ಈ ಸಂಖ್ಯೆಗಳನ್ನು ತಿಳಿಯಲು "ಎಂಕೆಇ2ಎಫ್‌ಎಸ್ -ಎನ್" ಓಡಿಸಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಅದು ಫಾರ್ಮ್ಯಾಟ್ ಮಾಡುವ ಕಮಾಂಡ್. -ಎನ್ ಮರೆತರೆ ಪಾರ್ಟಿಷನ್ ಖಾಲಿ. ಗಾಬರಿಯಲ್ಲಿರುವಾಗ ಅದನ್ನು ಟೈಪ್ ಮಾಡಬೇಡಿ ಎಂದೇ ನನ್ನ ಸಲಹೆ.

ಮುಗಿದ ಮೇಲೆ ಅದೇ ತಪಾಸಣೆ ಇನ್ನೊಮ್ಮೆ ಮಾಡಿ. ಎರಡನೇ ಸಲ ಒಂದೂ ದೋಷ ಬರಬಾರದು. ಪ್ರತಿ ಸಲ ಹೊಸ ಹೊಸ ದೋಷ ಬರುತ್ತಿದ್ದರೆ ಫೈಲ್‌ಸಿಸ್ಟಮ್ ಬಿಡಿ, ರ‍್ಯಾಮ್ ಪರೀಕ್ಷಿಸಿ. ಮೆಮ್‌ಟೆಸ್ಟ್86+ ಅನ್ನು ಒಂದು ಪೂರ್ತಿ ಸುತ್ತಾದರೂ ಓಡಿಸಿ.

7. ಬೂಟ್ ಆದಮೇಲೆ

ಬೂಟ್ ಆಯಿತೆಂದು ಅಲ್ಲಿಗೇ ಬಿಡಬೇಡಿ. ಪಾರ್ಟಿಷನ್ನಿನ ಎಲ್ಲಕ್ಕಿಂತ ಮೇಲಿನ ಮಟ್ಟದಲ್ಲಿರುವ ಲಾಸ್ಟ್+ಫೌಂಡ್ ಫೋಲ್ಡರನ್ನು ಸುಡೊ ಬಳಸಿ ತೆರೆದು ನೋಡಿ. ಹೆಸರು ಕಳೆದುಕೊಂಡ ಫೈಲುಗಳು #131074 ಎಂಬಂತೆ ಐನೋಡ್ ಸಂಖ್ಯೆ ಹೊತ್ತು ಅಲ್ಲಿ ಕೂತಿರುತ್ತವೆ. ಆ ಫೋಲ್ಡರಿನಲ್ಲಿ "ಸುಡೊ ಫೈಲ್" ಎಂದು ಬರೆದು ಸಂಖ್ಯೆಯನ್ನು ಕೋಟ್ ಗುರುತಿನೊಳಗೆ ಕೊಟ್ಟರೆ ಅದು ಫೋಟೋನೋ, ಪಿಡಿಎಫ್ಫೋ, ಫೋಲ್ಡರೋ ಎಂದು ಹೇಳುತ್ತದೆ. ಕೋಟ್ ಇಲ್ಲದಿದ್ದರೆ # ನಂತರದ್ದನ್ನೆಲ್ಲ ಟರ್ಮಿನಲ್ ಟಿಪ್ಪಣಿ ಎಂದುಕೊಂಡು ಬಿಟ್ಟುಬಿಡುತ್ತದೆ. ಫೋಲ್ಡರ್ ಸಿಕ್ಕರೆ ಅದೃಷ್ಟ: ಒಳಗಿನ ಫೈಲುಗಳ ಹೆಸರು ಸಾಮಾನ್ಯವಾಗಿ ಹಾಗೇ ಇರುತ್ತದೆ.

ಸಿಸ್ಟಮ್ ಫೈಲುಗಳು ಸರಿಯಿವೆಯೇ ನೋಡಲು "ಸುಡೊ ಡಿಪಿಕೆಜಿ --ವೆರಿಫೈ". ಯಾವ ಫೈಲ್ ಬದಲಾಗಿದೆ ಎಂದು ಪಟ್ಟಿ ಕೊಡುತ್ತದೆ. ಅದು ಸೇರಿದ ಪ್ಯಾಕೇಜನ್ನು "ಎಪಿಟಿ ಇನ್‌ಸ್ಟಾಲ್ --ರೀಇನ್‌ಸ್ಟಾಲ್" ಮಾಡಿ. ನೀವೇ ತಿದ್ದಿದ ಸೆಟ್ಟಿಂಗ್ ಫೈಲುಗಳೂ ಈ ಪಟ್ಟಿಯಲ್ಲಿ ಬರುತ್ತವೆ, ಅವನ್ನು ಬಿಡಿ. ಬೂಟ್ ಸಮಯದಲ್ಲಿ ನಡೆದ ರೂಟ್ ಪಾರ್ಟಿಷನ್ (ಸಿಸ್ಟಮ್ ಇರುವ ಪಾರ್ಟಿಷನ್) ತಪಾಸಣೆಯ ವರದಿ /ರನ್/ಇನಿಟ್‌ರಾಮ್‌ಎಫ್‌ಎಸ್/ಎಫ್‌ಎಸ್‌ಸಿಕೆ.ಲಾಗ್ ಎಂಬಲ್ಲಿದೆ.

ಪ್ರತಿ ಬೂಟ್‌ನಲ್ಲೂ ಅದೇ ತಗಾದೆ?

"ಸೂಪರ್‌ಬ್ಲಾಕ್ ಲಾಸ್ಟ್ ಮೌಂಟ್ ಟೈಮ್ ಈಸ್ ಇನ್ ದ ಫ್ಯೂಚರ್" ಎಂದು ಬರುತ್ತಿದ್ದರೆ ಡಿಸ್ಕಿನ ತಪ್ಪೇ ಅಲ್ಲ. ಮದರ್‌ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿ ಸತ್ತಿದೆ. ಕರೆಂಟ್ ಹೋದಾಗ ಗಡಿಯಾರ ವರ್ಷಗಟ್ಟಲೆ ಹಿಂದಕ್ಕೆ ಹೋಗುತ್ತದೆ, ಹಿಂದಿನ ಮೌಂಟ್ "ಭವಿಷ್ಯದಲ್ಲಿ" ಆದಂತೆ ಕಾಣುತ್ತದೆ. ಬಹುತೇಕ ಡೆಸ್ಕ್‌ಟಾಪ್‌ಗಳಲ್ಲಿ ಅದು 3 ವೋಲ್ಟ್‌ನ ಸಿಆರ್2032. ಬದಲಿಸಿ, ಬಯೋಸ್‌ನಲ್ಲಿ ತಾರೀಖು ಸರಿಮಾಡಿ.

ಬೇರೆ ಫೈಲ್‌ಸಿಸ್ಟಮ್‌ಗಳು

ಎಕ್ಸ್‌ಎಫ್‌ಎಸ್: ಇದರ ಮೇಲೆ ಎಫ್‌ಎಸ್‌ಸಿಕೆ ಓಡಿಸಿದರೆ ಏನನ್ನೂ ಮಾಡದೆ ಸುಮ್ಮನೆ ಮರಳುತ್ತದೆ. ಒಮ್ಮೆ ಮೌಂಟ್ ಮಾಡಿ ಬಿಡಿಸಿ, ಜರ್ನಲ್ ತಾನಾಗಿ ಓದಿಕೊಳ್ಳುತ್ತದೆ. ಆಗಲೂ ದೋಷವಿದ್ದರೆ ಎಕ್ಸ್‌ಎಫ್‌ಎಸ್_ರಿಪೇರ್ ಬಳಸಿ, ಮೊದಲು -ಎನ್ ಇಟ್ಟು. ದೊಡ್ಡಕ್ಷರದ -ಎಲ್ ಜರ್ನಲ್ಲನ್ನೇ ಅಳಿಸುತ್ತದೆ. ಮೌಂಟ್ ಆಗುವುದೇ ಇಲ್ಲ ಎಂದಾಗ, ಪ್ರತಿ ಮಾಡಿಕೊಂಡ ಮೇಲೆ ಮಾತ್ರ.

ಬಿಟಿಆರ್‌ಎಫ್‌ಎಸ್ (2020ರ ಫೆಡೋರಾ 33ರಿಂದ ಫೆಡೋರಾ ಡೆಸ್ಕ್‌ಟಾಪಿಗೆ ಇದೇ ಬರುತ್ತಿದೆ): "ಬಿಟಿಆರ್‌ಎಫ್‌ಎಸ್ ಚೆಕ್ --ರಿಪೇರ್" ಅನ್ನು ಮೊದಲ ಮದ್ದೆಂದು ಬಳಸಬೇಡಿ, ಇನ್ನಷ್ಟು ಕೆಡಿಸಬಲ್ಲದು. ಮೌಂಟ್ ಆಗುತ್ತಿದ್ದರೆ "ಬಿಟಿಆರ್‌ಎಫ್‌ಎಸ್ ಸ್ಕ್ರಬ್ ಸ್ಟಾರ್ಟ್". ಆಗದಿದ್ದರೆ "-ಒ ಆರ್‌ಒ,ರೆಸ್ಕ್ಯೂ=ಯೂಸ್‌ಬ್ಯಾಕಪ್‌ರೂಟ್" ಕೊಟ್ಟು ಮೌಂಟ್ ಮಾಡಿ ಫೈಲುಗಳನ್ನು ಹೊರಗೆ ತೆಗೆಯಿರಿ.

ಎನ್‌ಟಿಎಫ್‌ಎಸ್: ವಿಂಡೋಸಿನಲ್ಲೇ, ಅಡ್ಮಿನ್ ಕಮಾಂಡ್ ಪ್ರಾಂಪ್ಟ್‌ನಿಂದ "ಸಿಎಚ್‌ಕೆಡಿಎಸ್‌ಕೆ ಸಿ: /ಎಫ್". ಲಿನಕ್ಸಿನ ಎನ್‌ಟಿಎಫ್‌ಎಸ್‌ಫಿಕ್ಸ್ ಅದಕ್ಕೆ ಬದಲಿಯಲ್ಲ, ಒಂದೆರಡು ಸಣ್ಣ ದೋಷ ಮಾತ್ರ ಸರಿಮಾಡುತ್ತದೆ. ಎರಡೂ ಓಎಸ್ ಇಟ್ಟುಕೊಂಡವರು ವಿಂಡೋಸಿನ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಿಡಿ. ಅದು ಆನ್ ಇದ್ದರೆ ಶಟ್‌ಡೌನ್ ಮಾಡಿದರೂ ಪಾರ್ಟಿಷನ್ ಅರ್ಧ ತೆರೆದೇ ಇರುತ್ತದೆ.

ಮುಂದಿನ ಸಲಕ್ಕೆ

ಮನೆಯ ಇನ್ವರ್ಟರಿಗೆ ಡೆಸ್ಕ್‌ಟಾಪ್ ಹಾಕಿದ್ದೂ ಕರೆಂಟ್ ಹೋದಾಗ ರೀಸ್ಟಾರ್ಟ್ ಆಗುತ್ತಿದ್ದರೆ ಇನ್ವರ್ಟರಿನ ಸ್ವಿಚ್ ನೋಡಿ. ಹಲವು ಮಾದರಿಗಳಲ್ಲಿ "ಯುಪಿಎಸ್" ಮತ್ತು "ನಾರ್ಮಲ್" ಎಂಬ ಎರಡು ಸ್ಥಾನ ಇರುತ್ತವೆ. ಕಂಪ್ಯೂಟರಿನ ಪವರ್ ಸಪ್ಲೈ, ಕರೆಂಟ್ ಇಲ್ಲದೆ ಪೂರ್ಣ ಲೋಡಿನಲ್ಲಿ ತಾಳುವುದು ಸುಮಾರು 16 ಮಿಲಿಸೆಕೆಂಡ್. ನಾರ್ಮಲ್ ಸ್ಥಾನದಲ್ಲಿ ಬ್ಯಾಟರಿಗೆ ಬದಲಾಗಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ. ಯುಪಿಎಸ್ ಕಡೆಗೆ ತಿರುಗಿಸಿ.

ಯುಪಿಎಸ್‌ಗೆ ಯುಎಸ್‌ಬಿ ಕಿಂಡಿ ಇದ್ದರೆ ಕೇಬಲ್ ಚುಚ್ಚಿ ಎನ್‌ಯುಟಿ ಎಂಬ ಪ್ಯಾಕೇಜ್ ಹೊಂದಿಸಿ. ಬ್ಯಾಟರಿ ಕಡಿಮೆಯಾದಾಗ ಕಂಪ್ಯೂಟರನ್ನು ತಾನೇ ಸರಿಯಾಗಿ ಶಟ್‌ಡೌನ್ ಮಾಡುತ್ತದೆ.

ಕಂಪ್ಯೂಟರ್ ಹ್ಯಾಂಗ್ ಆಯಿತೆಂದು ಪವರ್ ಬಟನ್ ಒತ್ತಿಹಿಡಿಯುವುದೂ ಕರೆಂಟ್ ಹೋದಷ್ಟೇ ಕೆಟ್ಟದ್ದು. ಉಬುಂಟುವಿನಲ್ಲಿ ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಹಿಡಿದುಕೊಂಡು, ಎರಡು ಮೂರು ಸೆಕೆಂಡ್ ಬಿಟ್ಟು ಬಿಟ್ಟು ಎಸ್, ಯು, ಬಿ ಒತ್ತಿ. ಮೊದಲನೆಯದು ಮೆಮೊರಿಯಲ್ಲಿದ್ದದ್ದನ್ನು ಡಿಸ್ಕಿಗೆ ಬರೆಯುತ್ತದೆ, ಎರಡನೆಯದು ಡಿಸ್ಕುಗಳನ್ನು ಓದಲು ಮಾತ್ರ ಎಂಬ ಸ್ಥಿತಿಗೆ ತರುತ್ತದೆ, ಮೂರನೆಯದು ರೀಬೂಟ್. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಪ್ರಿಂಟ್ ಸ್ಕ್ರೀನ್ ಜೊತೆಗೆ ಎಫ್‌ಎನ್ ಕೀಯನ್ನೂ ಹಿಡಿಯಬೇಕಾಗುತ್ತದೆ.